ಗಂಗಕ್ಕನ ಅಳತೆಗೆ ಹೊಲಿದದ್ದು

"ರೀ... ಬ್ರಾಕ್ಕ ಹಚ್ಚೋ ಹುಕ್ಕಿನ ಪಟ್ಟಿ ಬಿಡಿಯಾಗಿ ಸಿಗ್ತಾವೇನ್ರಿ?"

ತಲೆ ತಗ್ಗಿಸಿಕೊಂಡೇ ಕೇಳಿದಳು ಭವಾನಿ. ಕೊಪ್ಪಳದ ಜವಾಹರ ರಸ್ತೆಯ ಈ ಲೇಡೀಸ್ ಕಾರ್ನರ್‌ನಲ್ಲಿ ಹೆಂಗಸರೇ ಕೂತಿರುತ್ತಾರೆ, ಸಂಕೋಚವಿಲ್ಲದೆ ಕೇಳಬಹುದು ಎಂದು ಯಾರೋ ಹೇಳಿದ್ದರು. ಆದರೆ ಗಲ್ಲೆಯ ಹಿಂದೆ ಅವಳಿಗೆ ಕಂಡದ್ದು ಗಂಡಸಿನ ಕೈ. ಮೊಣಕೈವರೆಗೆ ಮಡಿಚಿದ ನೀಲಿ ಅಂಗಿಯ ತೋಳು.

"ಎರಡು ಸಾಲಿನವು ಬೇಕೇನ್ರಿ, ಮೂರು ಸಾಲಿನವು?"

ಆ ಧ್ವನಿ!

ಭವಾನಿ ಗಲ್ಲೆಯ ಅಂಚು ಹಿಡಿದಳು. ಮೆಲ್ಲಗೆ ತಲೆಯೆತ್ತಿದಳು.

ಗವಿಸಿದ್ದೇಶ...

ಅವನ ಕೈಯಲ್ಲಿದ್ದ ಪಟ್ಟಿಯ ಸುರುಳಿ ಜಾರಿ, ಗಲ್ಲೆಯ ಮೇಲೆ ಉದ್ದಕ್ಕೂ ಬಿಚ್ಚಿಕೊಂಡಿತು. ಒಂದೇ ಒಂದು ಗಳಿಗೆ ಅವನ ಕಣ್ಣುಗಳು ಹಿಂದಿನ ಹಾಗೆಯೇ ಅರಳಿದವು. ಮರುಗಳಿಗೆ ಯಾರೋ ಬಾಗಿಲು ಎಳೆದುಕೊಂಡಂತೆ ಮುಖ ಮುಚ್ಚಿಹೋಯಿತು.

"ನೋಡಿ ತಗೋರಿ," ಎಂದ.

ತಗೋರಿ! "ಏ ಭವೀ" ಎಂದು ಭಾಗ್ಯನಗರದ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದವನು ಇಂದು ಅವಳಿಗೆ 'ರಿ' ಹಚ್ಚಿ ಮಾತಾಡುತ್ತಿದ್ದಾನೆ!

"ಗವಿ... ನೀ ಯಾವಾಗ ಬಂದ್ಯೋ ಕೊಪ್ಪಳಕ್ಕ?"

"ಹೋದ ದೀಪಾವಳಿಗೆ. ಎಷ್ಟು ಕತ್ತರಸ್ಲಿ ಹೇಳ್ರಿ."

"ಗಂಗಕ್ಕ ಹೆಂಗದಾಳ?"

ಕತ್ತರಿ ಹಿಡಿದ ಕೈ ನಿಂತಿತು. "ಅದಾಳ್ರಿ. ಇಷ್ಟು ವರ್ಷ ಆದಮ್ಯಾಲರ ಕೇಳಿದ್ರಲ್ಲ... ಭಾಳ ಉಪಕಾರ ಆತು."

ಅಷ್ಟರಲ್ಲಿ ಹಳ್ಳಿಯ ಹೆಂಗಸೊಬ್ಬಳು ಒಳಗೆ ಬಂದು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಒಳಗಿಂದು ಕೊಡಪಾ..." ಎಂದು ಪಿಸುಗುಟ್ಟಿದಳು. ಗವಿ ಮಾತಿಲ್ಲದೆ ಡಬ್ಬಿಗಳನ್ನು ಗಲ್ಲೆಯ ಮೇಲೆ ಜೋಡಿಸಿಟ್ಟು, "ನೋಡ್ಕೋರಿ ಯವ್ವಾ, ಸಾವಕಾಶ" ಎಂದು ಬೆನ್ನು ತಿರುಗಿಸಿ ನಿಂತ. ಆ ಹೆಂಗಸು ನಿರಾಳವಾಗಿ ಆರಿಸತೊಡಗಿದಳು.

ಭವಾನಿ ಆ ಬೆನ್ನನ್ನೇ ನೋಡುತ್ತಿದ್ದಳು. ಅವನು ತಿರುಗಲಿಲ್ಲ... ಅವಳು ಹೊರಟುಬಿಟ್ಟಳು. ಜವಾಹರ ರಸ್ತೆಯ ಬಿಸಿಲಿಗೆ ಬಂದಮೇಲೆಯೇ ಕಣ್ಣು ತುಂಬಿದ್ದು ತಿಳಿದದ್ದು.

'ನಾನೇನು ತಪ್ಪು ಮಾಡೀನಿ? ಹೇಳದ ಕೇಳದ ಹೋದಾವ ಅವನು!'

ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಫ್ಯಾಷನ್ ಡಿಸೈನಿಂಗ್ ಕೊನೆಯ ವರ್ಷದಲ್ಲಿದ್ದಳು ಭವಾನಿ. ಕೊನೆಯ ಪ್ರಾಜೆಕ್ಟಿಗೆ ಚೀಟಿ ಎತ್ತಿದಾಗ ಗೆಳತಿ ಶಾಯಿಸ್ತಾಗೆ ಮದುಮಗಳ ಉಡುಪು ಬಂತು, ಇವಳಿಗೆ ಒಳ ಉಡುಪು. ಭಾಗ್ಯನಗರದ ಮನೆಯಲ್ಲಿ ಅಪ್ಪ ಹಂಪಣ್ಣನ ಮುಂದೆ ಅದನ್ನು ಹೇಳುವುದಾದರೂ ಹೇಗೆ? "ಬ್ಯಾಸಗಿ ಡ್ರೆಸ್ಸಪ್ಪಾ" ಎಂದಿದ್ದಳು. ಸೀರೆ ವ್ಯಾಪಾರಿಯಾದ ಹಂಪಣ್ಣ ಬಂದ ಗಿರಾಕಿಗಳಿಗೆಲ್ಲ, "ನಮ್ಮ ಹುಡುಗಿ ಬ್ಯಾಸಗಿ ಡ್ರೆಸ್ ಮಾಡಾಕತ್ಯಾಳ್ರಿ" ಎಂದು ಹೇಳಿಕೊಂಡು ಬೀಗುತ್ತಿದ್ದ.

ವಿದೇಶಿ ಪತ್ರಿಕೆಗಳ ಚಿತ್ರ ನೋಡಿ ಗುಲಾಬಿ ಬಣ್ಣದ ಲೇಸು, ರೇಷ್ಮೆಯ ರಿಬ್ಬನ್ನು ಎಂದು ಏನೇನೋ ಬರೆದುಕೊಂಡು ಹೋಗಿದ್ದಳು. ಪ್ರಾಜೆಕ್ಟ್ ನೋಡುವ ಮೇಡಂ ಹಾಳೆಗಳನ್ನೆಲ್ಲ ತಿರುವಿ ನೋಡಿ ಒಂದೇ ಮಾತು ಕೇಳಿದ್ದರು.

"ಚೆಂದ ಇದೆ ಭವಾನಿ. ಇದನ್ನ ಹಾಕ್ಕೊಳ್ಳೋ ಒಬ್ಬ ಹೆಂಗಸಿನ ಹೆಸರು ಹೇಳು. ನಿನಗೆ ಗೊತ್ತಿರೋ ಒಬ್ಬಳು."

ಭವಾನಿಗೆ ಒಂದು ಹೆಸರೂ ಹೊಳೆಯಲಿಲ್ಲ.

ಆ ಪ್ರಶ್ನೆಯನ್ನು ಹೊತ್ತೇ ಊರಿಗೆ ಬಂದಿದ್ದಳು. ಇಂದು ಅಂಗಡಿಯಿಂದ ಮನೆಗೆ ನಡೆಯುವಾಗ ಭಾಗ್ಯನಗರದ ಓಣಿಯಲ್ಲಿ ಮಗ್ಗದ ಸದ್ದು ಕೇಳುತ್ತಿತ್ತು. ಅದರ ಜೊತೆಗೆ ಇನ್ನೊಂದು ಸದ್ದು ಇರಬೇಕಿತ್ತು ಅನಿಸಿತು. ಗಂಗಕ್ಕನ ಹೊಲಿಗೆ ಮಷಿನ್ನಿನ ಸದ್ದು...

ಭವಾನಿಯ ಮನೆಯ ಎದುರಿಗೇ ಗಂಗಕ್ಕನ ಮನೆ ಇತ್ತು. ಗಂಡ ತೀರಿಹೋದಮೇಲೆ ಗಂಗಕ್ಕ ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಹೊಲಿಯುತ್ತಿದ್ದಳು. ಹೈಸ್ಕೂಲಿಗೆ ಕಾಲಿಡುವ ಹುಡುಗಿಯರನ್ನು ತಾಯಂದಿರು ಅವಳ ಬಳಿಯೇ ಕರೆದೊಯ್ಯುತ್ತಿದ್ದರು. ಅಂಗಡಿಯಲ್ಲಿ ಕೇಳಲು ನಾಚಿಕೆಯಾಗುವುದನ್ನೆಲ್ಲ ಗಂಗಕ್ಕ ಹೊಲಿದುಕೊಡುತ್ತಿದ್ದಳು.

ಭವಾನಿಯೂ ಅಮ್ಮ ಪಂಪಾವತಿಯ ಬೆನ್ನ ಹಿಂದೆ ಅಡಗಿಕೊಂಡು ಹೋಗಿದ್ದಳು.

"ಇದ್ರಾಗ ನಾಚ್ಕೊಳ್ಳೂದೇನೈತೇ ಹುಚ್ಚೀ? ಕಾಲಿಗೆ ಚಪ್ಲಿ ಬ್ಯಾಡೇನು? ಹಂಗ ಇದೂ!" ಎಂದು ನಕ್ಕಿದ್ದಳು ಗಂಗಕ್ಕ. ಪಂಪಾವತಿಯ ಹಳೆಯ ಇಳಕಲ್ ಸೀರೆಯನ್ನು ಕತ್ತರಿಸಿ ಹೊಲಿದ ಆ ಒಳಂಗಿ! ಒಗೆದು ಒಗೆದು ಬೆಣ್ಣೆಯಂತಾಗಿದ್ದ ಬಟ್ಟೆ. ಆಮೇಲೆ ಎಷ್ಟೋ ಬೆಲೆಬಾಳುವವನ್ನು ಕೊಂಡರೂ ಅಷ್ಟು ಮೆತ್ತಗಿನದು ಭವಾನಿಗೆ ಮತ್ತೆ ಸಿಗಲಿಲ್ಲ.

ಗಂಗಕ್ಕನ ಮಗ ಗವಿ ಭವಾನಿಯ ಓರಗೆಯವನು. ಪಿಯುಸಿಗೆ ಇಬ್ಬರೂ ಒಂದೇ ಕಾಲೇಜು. ಭಾಗ್ಯನಗರಕ್ಕೂ ಕೊಪ್ಪಳಕ್ಕೂ ನಡುವಿನ ರೈಲ್ವೆ ಗೇಟು ಬಿದ್ದಾಗ ಸೈಕಲ್ ನಿಲ್ಲಿಸಿ, ಕಿಸೆಯಿಂದ ಹುರಿದ ಶೇಂಗಾ ತೆಗೆದು ಅವಳ ಅಂಗೈಗೆ ಸುರಿಯುತ್ತಿದ್ದ. ಗೂಡ್ಸ್ ಗಾಡಿ ಉದ್ದವಿದ್ದಷ್ಟೂ ಅವಳಿಗೆ ಖುಷಿ. ಅವನು ಏನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಹೇಳಲು ಇಡೀ ಜೀವಮಾನವಿದೆ ಅಂದುಕೊಂಡಿದ್ದರು.

ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಭವಾನಿ ಸೋದರಮಾವನ ಊರಿಗೆ ಹೋಗಿ ಬರುವಷ್ಟರಲ್ಲಿ ಗಂಗಕ್ಕನ ಮನೆಗೆ ಬೀಗ ಬಿದ್ದಿತ್ತು.

"ಕುಷ್ಟಗಿಗೆ ಹೋಗ್ಯಾರ, ಅಣ್ಣನ ಮನಿಗೆ," ಎಂದಷ್ಟೇ ಹೇಳಿದ್ದಳು ಅಮ್ಮ. ಗವಿಯ ಫೋನ್ ಹತ್ತಲೇ ಇಲ್ಲ. ಅವನೂ ಮಾಡಲಿಲ್ಲ. ಎಷ್ಟು ಸಂಜೆ ಆ ಬೀಗ ನೋಡುತ್ತ ಕಟ್ಟೆಯ ಮೇಲೆ ಕೂತಿದ್ದಳೋ...

"ಅವ್ವಾ, ಗಂಗಕ್ಕ ಬಂದಾಳಂತ. ನಿನಗ ಗೊತ್ತಿತ್ತೇನು?" ಇಂದು ಮನೆ ಮುಟ್ಟಿದವಳೇ ಅಮ್ಮನನ್ನು ಕೇಳಿದಳು.

ರೊಟ್ಟಿ ಬಡಿಯುತ್ತಿದ್ದ ಪಂಪಾವತಿ ಹಿಟ್ಟಿನ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು. "ಹೂಂ... ಗೇಟಿನ ಆಚಿ ಮನಿ ಮಾಡ್ಯಾರಂತ. ನೀ ಸುಮ್ನ ಹೋಗಿ ಕಾಡಬ್ಯಾಡ. ಮದ್ಲ ಆಕಿಗೆ ಆರಾಮಿಲ್ಲ."

"ಆರಾಮಿಲ್ಲಂದ್ರ?"

"ರೊಟ್ಟಿ ಹೊತ್ತಾಕತ್ತೈತಿ ನೋಡು!" ಎಂದು ಅಮ್ಮ ಒಲೆಯ ಕಡೆ ತಿರುಗಿಬಿಟ್ಟಳು.

ಮರುದಿನ ಮಧ್ಯಾಹ್ನ ಭವಾನಿ ಕೇಳುತ್ತ ಕೇಳುತ್ತ ಆ ಮನೆ ಹುಡುಕಿಕೊಂಡು ಹೋದಳು.

ಬಾಗಿಲು ತೆಗೆದ ಗಂಗಕ್ಕ ಬಹಳ ಇಳಿದುಹೋಗಿದ್ದಳು. ಆ ಸೆಕೆಯಲ್ಲೂ ಸೆರಗನ್ನು ಎರಡೂ ಹೆಗಲು ಮುಚ್ಚುವಂತೆ ಹೊದ್ದಿದ್ದಳು. ಭವಾನಿಯನ್ನು ಕಂಡೊಡನೆ ಮಾತ್ರ ಕಣ್ಣಲ್ಲಿ ಅದೇ ಹಳೆಯ ನಗು.

"ಯವ್ವಾ ನನ್ನ ಭವಾನಿ! ಎಷ್ಟು ದೊಡ್ಡಾಕಿ ಆಗೀಯೇ!"

ಭವಾನಿ ಓಡಿಹೋಗಿ ತಬ್ಬಿಕೊಂಡಳು. ಗಂಗಕ್ಕನ ಮೈ ಕಲ್ಲಿನಂತೆ ಬಿಗಿಯಾಯಿತು. ಎಡಗೈಯನ್ನು ಎದೆಗೆ ಅಡ್ಡ ಇಟ್ಟುಕೊಂಡು ಮೆಲ್ಲಗೆ ಹಿಂದೆ ಸರಿದಳು.

ಚಹಾ ಆಯಿತು, ಹಳೆಯ ಓಣಿಯ ಮಾತೆಲ್ಲ ಆಯಿತು. ಭವಾನಿ ಕೊನೆಗೆ ತನ್ನ ಪ್ರಾಜೆಕ್ಟಿನ ಸಂಗತಿ ಹೇಳಿದಳು. ಅಪ್ಪನಿಗೂ ಹೇಳದ್ದನ್ನು ಗಂಗಕ್ಕನ ಮುಂದೆ ಹೇಳಲು ನಾಚಿಕೆಯೇ ಆಗಲಿಲ್ಲ.

"ನೀ ನನಗ ಹೊಲ್ದು ಕೊಟ್ಟಿದ್ದೆಲ್ಲಾ ಗಂಗಕ್ಕ, ಅಂಥಾದ್ದು ಎಲ್ಲೂ ಸಿಗವಲ್ದು. ಅದನ್ನ ಹೆಂಗ ಕತ್ತರಸ್ತಿದ್ದಿ, ಹೇಳ್ಕೊಡು."

ಗಂಗಕ್ಕ ನಕ್ಕಳು. ನಗುತ್ತ ನಗುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಏನಾತು? ಗಂಗಕ್ಕಾ...?"

ಗಂಗಕ್ಕ ಎದ್ದು ಬಾಗಿಲು ಹಾಕಿ ಬಂದಳು. "ಅಂಗಡಿ ತುಂಬ ಅವನ್ನ ಮಾರ್ತೀವವ್ವಾ. ನನ್ನ ಮೈಗೆ ಆಗೂದು ಒಂದೂ ಇಲ್ಲ." ಸೆರಗು ಸರಿಸಿದಳು. "ಎದ್ಯಾಗ ಗಂಟಾಗಿತ್ತು. ಹುಬ್ಬಳ್ಳಿ ದವಾಖಾನ್ಯಾಗ ಎಡಗಡಿದು ಪೂರಾ ತಗದ್ರು. ನೀವು ಪಿಯುಸಿ ಮುಗಿಸಿದ್ರಿ ನೋಡು, ಆವಾಗ."

ಭವಾನಿ ಅವಳ ಬಲಗೈ ಹಿಡಿದುಕೊಂಡಳು.

"ಕೈ ಹಿಂದಕ್ಕ ಹೋಗೂದಿಲ್ಲ. ಹುಕ್ ಹಾಕ್ಕೊಳ್ಳೂದು ದೂರದ ಮಾತು. ಪಟ್ಟಿ ತಾಗಿದ್ರ ಹೊಲಿಗಿ ಹಾಕಿದ್ದು ಉರೀತೈತಿ. ಒಂದು ಮಗ್ಗಲಾ ಖಾಲಿ... ಮಂದಿ ನೋಡ್ತಾರಂತ ಗಲ್ಲೆದ ಮುಂದ ಕುಂದ್ರೂದ ಬಿಟ್ಟೀನಿ. ಪಾಪ, ಗಂಡುಹುಡುಗ ಅವ ಹೆಂಗಸರ ಅಂಗಡಿ ನಡಸಾಕತ್ಯಾನ."

"ಮತ್ತ ಈಗ ಏನು ಹಾಕ್ಕೋತಿ?"

ಗಂಗಕ್ಕ ತಾನು ತೊಟ್ಟಿದ್ದನ್ನೇ ತೋರಿಸಿದಳು. ಹಳೆಯ ಖಣದ ಬಟ್ಟೆಯ ಕುಬಸ, ಅಜ್ಜಿಯರ ಕಾಲದ ರವಿಕೆ. ಬಣ್ಣ ಮಾಸಿತ್ತು. ಮುಂದೆ ಎರಡು ತುದಿಗಳನ್ನು ಎಳೆದು ಗಂಟು ಹಾಕಿಕೊಂಡಿದ್ದಳು.

"ನಮ್ಮವ್ವ ಪಾರಮ್ಮಂದು. ನಮ್ಮ ಯಲಬುರ್ಗಿ ಕಡಿ ಮಂಗಳೂರು ಹಳ್ಳಿಯಾಕಿ. ಸಾಯೂತನಕ ಹಿಂಥಾವ ಹಾಕ್ಕೊಂಡ್ಲು. ಇದಕ್ಕ ಕೈ ಎತ್ತೂದು ಬ್ಯಾಡ, ಹಿಂದಕ್ಕ ಚಾಚೂದು ಬ್ಯಾಡ. ಮುಂದ ಗಂಟು ಹಾಕ್ಕೊಂಡ್ರ ಆತು. ಖಣ ಚುಚ್ಚತೈತಿ, ಆದ್ರ ಏನ್ಮಾಡ್ಲಿ?"

ಭವಾನಿ ಆ ಗಂಟನ್ನೇ ನೋಡಿದಳು. ಎಡಕ್ಕೊಂದು ತುದಿ, ಬಲಕ್ಕೊಂದು ತುದಿ. ಬೇಕಾದಷ್ಟು ಬಿಗಿ, ಬೇಕಾದಷ್ಟು ಸಡಿಲ. ತಲೆಯೊಳಗೆ ಏನೋ ಮಿಂಚಿದಂತಾಯಿತು. ಖಣದ ಬದಲು ಹಳೆಯ ಸೀರೆಯ ಬಟ್ಟೆ. ಹೊಲಿಗೆಯೆಲ್ಲ ಹೊರಮೈಗೆ. ಖಾಲಿ ಮಗ್ಗುಲಿಗೆ ಹತ್ತಿಯ ಮೆತ್ತೆ ಇಡಲು ಒಳಗಡೆ ಒಂದು ಜೇಬು...

"ಗಂಗಕ್ಕಾ, ನಿನ್ನ ಅಳತಿ ತಗೋಳ್ಳಾ?"

ಎಷ್ಟೋ ಹುಡುಗಿಯರ ಅಳತೆ ತೆಗೆದಿದ್ದ ಗಂಗಕ್ಕ ಮಗುವಿನಂತೆ ಎದ್ದು ನಿಂತಳು. ಟೇಪು ಮೈಗೆ ತಾಗಿದಾಗ ಬಿಕ್ಕಿ ಬಿಕ್ಕಿ ಅತ್ತಳು. ಭವಾನಿ ಅವಸರ ಮಾಡಲಿಲ್ಲ. ಅಳು ನಿಂತಮೇಲೆ ಮತ್ತೆ ಟೇಪು ಹಿಡಿದಳು.

ಹೊರಗೆ ಬಂದಾಗ ಕಟ್ಟೆಯ ಮೇಲೆ ಗವಿ ಕೂತಿದ್ದ. ಊಟಕ್ಕೆಂದು ಬಂದವನು, ಬಾಗಿಲು ಹಾಕಿದ್ದರಿಂದ ಅಲ್ಲೇ ಉಳಿದಿದ್ದ. ಭವಾನಿ ತನ್ನದೇ ಉತ್ಸಾಹದಲ್ಲಿದ್ದಳು. ಅವನ ಮುಖ ನೋಡಲಿಲ್ಲ.

"ಗವಿ! ನನ್ನ ಪ್ರಾಜೆಕ್ಟ್ ಸಿಕ್ತು ನೋಡೋ! ಗಂಗಕ್ಕನ ಕುಬಸ... ಇದನ್ನ ಕಾಲೇಜಿನ್ಯಾಗ ತೋರಿಸಿದ್ರ ಎಲ್ಲಾರೂ..."

"ನಮ್ಮವ್ವ ಒಳಗ ಅಳಾಕತ್ತಿದ್ಲು," ಎಂದ ಗವಿ. ಧ್ವನಿ ತಣ್ಣಗಿತ್ತು. "ನೀ ಪ್ರಾಜೆಕ್ಟ್ ಸಿಕ್ತು ಅಂತಿ."

"ಹಂಗಲ್ಲೋ..."

"ನಮ್ಮವ್ವ ನಿನ್ನ ಪ್ರಾಜೆಕ್ಟಾ? ಆಕಿ ಕೂದ್ಲೆಲ್ಲಾ ಉದರಿ, ತುತ್ತು ಅನ್ನ ನಿಲ್ಲಲಾರದ ಮಲಗಿದ್ಲಲ್ಲ, ಆವಾಗ ಎಲ್ಲಿದ್ದಿ?"

"ನನಗ ಗೊತ್ತ ಇರ್ಲಿಲ್ಲ ಗವಿ! ಇವತ್ತ ಗೊತ್ತಾತು, ನಮ್ಮ ಮಠದ ಗವಿಸಿದ್ಧಪ್ಪನ ಆಣಿ!"

"ನಿಮ್ಮವ್ವ ದವಾಖಾನಿಗೆ ಬಂದು ಅವ್ವನ ಕೈ ಹಿಡ್ಕೊಂಡು ಕುಂತು ಹೋದ್ಲು. ಮನ್ಯಾಗ ಮಗಳಿಗೆ ಹೇಳ್ಲಿಲ್ಲಂದ್ರ ಯಾರು ನಂಬ್ತಾರ?" ಅವನು ಎದ್ದು ಬಾಗಿಲಿಗೆ ಕೈಯಿಟ್ಟ. "ಇವತ್ತ ಬರ್ತಾಳ, ನಾಳೆ ಬರ್ತಾಳ ಅಂತ ಆ ದವಾಖಾನಿ ಬಾಗಿಲಾ ನೋಡ್ಕೋಂತ ಕುಂತಿದ್ದೆ. ಹೋಗು ಭವಾನಿ. ಬ್ಯಾರೆ ಯಾರನ್ನರ ಹುಡಿಕ್ಕೋ."

ಬಾಗಿಲು ಮುಚ್ಚಿತು.

ಮನೆಗೆ ಬಂದವಳೇ ಭವಾನಿ ಅಮ್ಮನ ಎದುರು ನಿಂತಳು. "ಯಾಕ ಮುಚ್ಚಿಟ್ಟಿ ಅವ್ವಾ?"

ಪಂಪಾವತಿ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ಗಂಗಾ ನನ್ನ ಕೈಯಾಗ ಆಣಿ ಹಾಕಿಸ್ಕೊಂಡಿದ್ಲವ್ವಾ. ಮಂದಿಗೆ ಗೊತ್ತಾದ್ರ ಎಂಥಾ ಎಂಥಾ ಮಾತಾಡ್ತಾರ, ನನ್ನ ಮಗನಿಗೆ ಯಾರು ಹೆಣ್ಣು ಕೊಡ್ತಾರ ಅಂತ ಅತ್ಲು. ನಾ ಮದಿವಿಗೆ ಹೊಂಟೀನಂತ ನಿಮ್ಮಪ್ಪಗ ಸುಳ್ಳು ಹೇಳಿ ಹುಬ್ಬಳ್ಳಿಗೆ ಹೋಗಿಬಂದೆ. ನೀ ಸಂಜಿ ಮುಂದ ಕಟ್ಟಿ ಮ್ಯಾಲ ಕುಂದರ್ತಿದ್ದೆಲ್ಲಾ... ನೋಡಿ ನನಗ ಭಾಳ ಸಂಕಟ ಆಗ್ತಿತ್ತು. ಆದ್ರ ಆಣಿ ಮಾಡಿದ್ದೆ."

ತಾಯಿ ಮಗಳು ಇಬ್ಬರೂ ಅತ್ತರು. ಯಾರ ಮೇಲೆ ಸಿಟ್ಟು ಮಾಡಬೇಕೋ ಭವಾನಿಗೆ ತಿಳಿಯಲಿಲ್ಲ.

ಬಹಳ ಹೊತ್ತಾದ ಮೇಲೆ ಪಂಪಾವತಿ ಎದ್ದು ಟ್ರಂಕು ತೆಗೆದಳು. ಅಡಿಯಿಂದ, ಅಂದು ಕತ್ತರಿಸಿ ಉಳಿದಿದ್ದ ತನ್ನ ಹಳೆಯ ಇಳಕಲ್ ಸೀರೆ ಹೊರಗೆಳೆದು ಮಗಳ ತೊಡೆಯ ಮೇಲಿಟ್ಟಳು. "ಇದನ್ನ ಹರಿ. ಇದರಷ್ಟು ಮೆತ್ತಗಿಂದು ಮನ್ಯಾಗ ಇಲ್ಲ."

ಅಂದೇ ಭವಾನಿ ಶಾಯಿಸ್ತಾಗೆ ಫೋನ್ ಮಾಡಿದಳು. "ನಾ ಕಾಲೇಜಿಗೆ ಆ ಹಳೇ ಲೇಸಿಂದನ ಕೊಡ್ತೀನಿ. ಇದು ಗಂಗಕ್ಕಗಷ್ಟ."

"ಹುಚ್ಚಿ ಅದೀಯೇನು? ಇಂಥಾದ್ದು ಸಿಕ್ಕಮೇಲೆ ಲೇಸಾ? ಫೇಲ್ ಮಾಡ್ತಾರ ನಿನ್ನ!"

"ಮಾಡ್ಲಿ. ಆಕಿ ಕಣ್ಣೀರು ತಗೊಂಡು ನಾ ಪಾಸಾಗೂದು ಬ್ಯಾಡ."

ಮೊದಲು ಹೊಲಿದದ್ದು ಸರಿಯಾಗಲಿಲ್ಲ. ಗಂಟು ಎದೆಯ ನಡುವೆ ಒತ್ತುತ್ತಿತ್ತು. ಎರಡನೆಯದರಲ್ಲಿ ಕಂಕುಳ ಬಳಿ ಬಿಗಿಯಾಯಿತು. ಭವಾನಿ ತನ್ನ ಎಡಗೈಯನ್ನು ದುಪಟ್ಟಾದಿಂದ ಸೊಂಟಕ್ಕೆ ಕಟ್ಟಿಕೊಂಡು, ಒಂದೇ ಕೈಯಿಂದ ಅದನ್ನು ಕುರ್ತಾದ ಮೇಲೆ ತೊಟ್ಟುಕೊಳ್ಳಲು ಹೆಣಗಾಡತೊಡಗಿದಳು. ಗಂಟು ಬೀಳುತ್ತಲೇ ಇಲ್ಲ! ಸಿಟ್ಟಿಗೆ ಅಳುವೇ ಬಂತು. ಅಷ್ಟರಲ್ಲಿ ಒಳಗೆ ಬಂದ ಹಂಪಣ್ಣ ಕಣ್ಣರಳಿಸಿ ನಿಂತ.

"ಏನವಾ ಇದು? ಬ್ಯಾಸಗಿ ಡ್ರೆಸ್ಸಾ?"

ಭವಾನಿ ತಲೆ ತಗ್ಗಿಸಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಹಂಪಣ್ಣ ಅಲ್ಲೇ ಕೂತು ಕೇಳಿದ. ಗಂಗಾ ಅವನಿಗೆ ತಂಗಿಯ ಹಾಗೆ. ಹೆಗಲ ಮೇಲಿನ ಟವೆಲ್ಲಿನಿಂದ ಮೂಗು ಒರೆಸಿಕೊಂಡು, "ಒಂದ ಕೈಲೆ ಗಂಟು ಬೀಳ್ಲಿಲ್ಲಂದ್ರ ಒಂದು ತುದಿಗೆ ಕಿಂಡಿ ಮಾಡು. ಇನ್ನೊಂದು ತುದಿ ಅದರಾಗ ಹಾಯ್ಸಿ ಜಗ್ಗಿದ್ರ ನಿಂದರ್ತೈತಿ. ನಾವು ಸೀರಿ ಗಂಟು ಹಂಗ ಬಿಗೀತೀವಿ," ಎಂದು ಹೇಳಿ, ಮುಖ ತಿರುಗಿಸಿಕೊಂಡು ಹೊರಟುಹೋದ.

ಮೂರನೆಯದು ಸರಿಹೋಯಿತು. ಒಳಗೆಲ್ಲ ಅಮ್ಮನ ಸೀರೆ. ಮೈಗೆ ತಾಗದ ಹಾಗೆ ಹೊರಗಿನ ಅಂಚಿಗೆ ಮಾತ್ರ ಸಣ್ಣದೊಂದು ಖಣದ ಪಟ್ಟಿ. ಕಿಂಡಿಯಲ್ಲಿ ಹಾಯಿಸಿ ಬಿಗಿಯುವ ಗಂಟು ಬಲಮಗ್ಗುಲಿಗೆ, ಬಲಗೈಗೆ ಎಟುಕುವಲ್ಲಿ. ಪಂಪಾವತಿ ಅದನ್ನು ಒಯ್ದು ಗಂಗಕ್ಕನಿಗೆ ಕೊಟ್ಟುಬಂದಳು. ಭವಾನಿ ಹೋಗಲಿಲ್ಲ. ಆ ಬಾಗಿಲ ಮುಂದೆ ಮತ್ತೆ ನಿಲ್ಲುವ ಧೈರ್ಯ ಅವಳಿಗಿರಲಿಲ್ಲ.

ಎರಡು ದಿನ ಯಾವ ಸುದ್ದಿಯೂ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಬೈಕ್ ನಿಂತ ಸದ್ದು.

"ಯಾರು? ಗವಿಸಿದ್ದೇಶನಾ? ಒಳಗ ಬಾರೋ!" ಎಂದ ಹಂಪಣ್ಣ.

"ಭವಾನಿ ಕೂಡ ಮಾತಾಡೂದೈತ್ರಿ ಕಾಕಾ."

ಹಂಪಣ್ಣ ಅವನನ್ನೊಮ್ಮೆ, ಮಗಳನ್ನೊಮ್ಮೆ ನೋಡಿ, ಇಲ್ಲದ ಕೆಲಸ ನೆನಪು ಮಾಡಿಕೊಂಡು ಒಳಗೆ ಹೋದ.

ಬೇವಿನ ಮರದ ಕೆಳಗೆ ಇಬ್ಬರೂ ನಿಂತರು. ಗವಿ ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ.

"ಅವ್ವ ಇವತ್ತ ಅಂಗಡಿಗೆ ಬಂದಾಳ," ಎಂದ ಕೊನೆಗೆ. "ಸೆರಗು ಬಿಗಿದು ಹೊದೀಲಿಲ್ಲ. ಎಲ್ಲಾರ ಹಂಗ ಒಂದ ಹೆಗಲಿಗೆ ಹಾಕ್ಕೊಂಡು ಗಲ್ಲೆದ ಮುಂದ ಕುಂತು ಗಿರಾಕಿ ಕೂಡ ಜಗಳಾಡಾಕತ್ಯಾಳ! ಆಕಿ ಜಗಳಾಡೂದು ನೋಡಿ ನನಗ..." ಅವನು ಮರದ ಕಡೆ ತಿರುಗಿ ನಕ್ಕುಬಿಟ್ಟ.

ಭವಾನಿಯ ಕಣ್ಣಿಂದ ನೀರು ತಾನಾಗಿ ಇಳಿಯಿತು.

"ನಿಮ್ಮವ್ವ ಎಲ್ಲಾ ಹೇಳಿದ್ಲು. ನಿನಗ ಗೊತ್ತಿರ್ಲಿಲ್ಲಂತ. ನಾ ಅಂದದ್ದು ತಪ್ಪು ಭವಿ."

ಭವಿ! ಎಷ್ಟು ವರ್ಷಗಳ ಮೇಲೆ...

"ನಂದೂ ತಪ್ಪೈತಿ. ಆಕಿ ಅತ್ತ ಹೊತ್ತಿನ್ಯಾಗ ನಾ ಹಂಗ ಕುಣೀಬಾರದಿತ್ತು. ನಾ ಕಾಲೇಜಿಗೆ ಇದನ್ನ ತೋರ್ಸೂದಿಲ್ಲ, ನೀ ಹೆದರಬ್ಯಾಡ."

"ಅಯ್ಯೋ, ತೋರ್ಸಲಿಲ್ಲಂದ್ರ ಅವ್ವ ನನ್ನ ಮನಿಯಾಗ ಸೇರಿಸೂದಿಲ್ಲ!" ಗವಿ ಗಾಬರಿಯಾದವನಂತೆ ಕೈಯಾಡಿಸಿದ. "ನಿನ್ನೆ ನನಗ ಹೆಂಗ ಬೈದ್ಲಂತಿ? 'ಮೈ ನಂದು, ಬ್ಯಾನಿ ನಂದು, ಹೇಳೂದೂ ಬಿಡೂದೂ ನಂದು. ನಡುವ ನೀ ಯಾರಲೇ?' ಅಂದ್ಲು. ತಾನ ಹುಬ್ಬಳ್ಳಿಗೆ ಬಂದು ಹೇಳ್ತಾಳಂತ. ಇನ್ನೊಂದು ಬೇಕಂತ, ಗಂಗಾವತಿ ಹಜರತಬೀಗೆ. ದವಾಖಾನ್ಯಾಗ ಬಾಜೂ ಮಂಚದಾಗಿದ್ಲು ಆಕಿ."

ಆಮೇಲಿನ ದಿನಗಳು ಹಳೆಯ ಓಣಿಯ ದಿನಗಳು ಮರಳಿ ಬಂದಂತೆಯೇ ಇದ್ದವು. ಗಂಗಕ್ಕನ ಮಷಿನ್ ಎಣ್ಣೆ ಕಂಡು ಮತ್ತೆ ತಿರುಗಿತು. ಗಂಗಕ್ಕ ಕೂತು ಹೇಳುವಳು, ಭವಾನಿ ಕತ್ತರಿಸುವಳು, ಪಂಪಾವತಿ ಹೊಲಿಗೆ ಬಿಚ್ಚಿ ಬೈಸಿಕೊಳ್ಳುವಳು. ಗವಿ ಅಂಗಡಿ ಮುಚ್ಚಿ ಮಿರ್ಚಿ ಮಂಡಕ್ಕಿ ತಂದು ಹೊಸ್ತಿಲಲ್ಲಿ ಕೂತು ಎಲ್ಲರಿಗೂ ಹಂಚುವನು. ಗಂಗಕ್ಕ, ಗವಿ, ಭವಾನಿ ಮೂವರೂ ಬಸ್ಸು ಹತ್ತಿ ಗಂಗಾವತಿಗೆ ಹೋದ ದಿನ ಕಾಲುವೆಯ ಎರಡೂ ದಂಡೆಗೆ ಭತ್ತದ ಗದ್ದೆ ಹಸಿರು ಚೆಲ್ಲಿತ್ತು. ಹಜರತಬೀ ಒಳಗೆ ಹೋಗಿ ಅದನ್ನು ತೊಟ್ಟು ಬಂದು, ಏನೂ ಹೇಳದೆ ಭವಾನಿಯ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡಳು.

ಕಾಲೇಜಿನಲ್ಲಿ ಪ್ರಾಜೆಕ್ಟ್ ತೋರಿಸುವ ದಿನ ಭವಾನಿಯ ಸರದಿ ಬಂತು. ಅವಳು ಮಾತು ಶುರು ಮಾಡಿದಳು, ನಡುವೆ ಗಂಗಕ್ಕನ ಕಡೆ ನೋಡಿದಳು. ಹಿಂದೆ ಕೂತಿದ್ದ ಗಂಗಕ್ಕ ತಾನೇ ಎದ್ದು ಮುಂದೆ ಬಂದಳು.

"ನಾನ ಹೇಳ್ತೀನಿ ಬಿಡ್ರಿ ಮೇಡಂ. ಒಂದು ಗಂಟು ನನ್ನ ಎದೀನ ತಿಂತು. ಈ ಗಂಟು ನಾನ ಕಟ್ಕೋತೀನಿ, ನಾನ ಬಿಚ್ಕೋತೀನಿ. ಯಾರನ್ನೂ ಕರೀಬೇಕಿಲ್ಲ. ಇಷ್ಟ ನೋಡ್ರಿ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಶಾಯಿಸ್ತಾ ಮೂಲೆಯಲ್ಲಿ ಜೋರಾಗಿಯೇ ಅಳುತ್ತಿದ್ದಳು. ಇದನ್ನು ಇನ್ನೂ ಹೆಂಗಸರಿಗೆ ತಲುಪಿಸಲು ತಾವು ಜೊತೆಗಿರುವುದಾಗಿ ಮೇಡಂ ಹೇಳಿದಾಗ, ಭವಾನಿಯ ಕಣ್ಣು ಹುಡುಕಿದ್ದು ಬಾಗಿಲ ಬಳಿ ನಿಂತಿದ್ದ ಗವಿಯನ್ನು. ಅವನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದ.

ಮರಳುವ ರೈಲಿನಲ್ಲಿ ಗಂಗಕ್ಕ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಎದುರಿನ ಸೀಟಿನಲ್ಲಿ ಇವರಿಬ್ಬರೂ. ಗದಗ ದಾಟಿತ್ತು. ಸಂಜೆಯ ಬಿಸಿಲು ಕರಿ ಹೊಲಗಳ ಮೇಲೆ ಉದ್ದಕ್ಕೆ ಚಾಚಿಕೊಂಡಿತ್ತು.

"ಒಂದು ಕೇಳ್ಲೇನು?" ಎಂದಳು ಭವಾನಿ. "ಇಷ್ಟು ವರ್ಷದಾಗ ಒಂದು ಸಲನೂ ನನ್ನ ನೋಡ್ಬೇಕು ಅನಸ್ಲಿಲ್ಲೇನು?"

ಗವಿ ಹೊರಗೆ ನೋಡುತ್ತಿದ್ದ. "ಬಂದಿದ್ದೆ. ನೀ ಹುಬ್ಬಳ್ಳಿಗೆ ಓದಾಕ ಹೊಂಟ ದಿನ. ಕುಷ್ಟಗಿ ಬಸ್ಸಿಳಿದು ಕೊಪ್ಪಳ ಸ್ಟ್ಯಾಂಡಿನ್ಯಾಗ ನಿಂತಿದ್ದೆ. ನಿಮ್ಮಪ್ಪ ಸೂಟಕೇಸ್ ಏರಿಸಾಕತ್ತಿದ್ದ. ನೀ ಬಸ್ಸಿನ ಕಿಟಕ್ಯಾಗ ಕುಂತು ನಗಾಕತ್ತಿದ್ದಿ."

ಭವಾನಿ ಅವನ ಕಡೆ ತಿರುಗಿದಳು. "ಅಷ್ಟು ಸಮೀಪಿದ್ಯಾ! ಒಂದು ಸಲ ಕರೀಬಾರದಿತ್ತೇನು?"

"ಕರದಿದ್ರ ಏನ್ಮಾಡ್ತಿದ್ದಿ?"

"ಬಸ್ಸಿಂದ ಇಳೀತಿದ್ದೆ!"

"ಅದಕ್ಕ ಕರೀಲಿಲ್ಲ."

ಅವಳು ಅವನನ್ನೇ ನೋಡಿದಳು.

"ಆವಾಗ ಸಿಟ್ಟೂ ಭಾಳ ಇತ್ತು ನನಗ," ಎಂದ ಗವಿ ಮೆಲ್ಲಗೆ. "ನೋಡಾಕ ಬರ್ಲಿಲ್ಲ, ಮರ್ತಾಳ ಅಂತ. ಸಿಟ್ಟು ಹೋಗ್ಲಿ ಅಂತ ಕಾದೆ. ಸಿಟ್ಟು ಹೋತು ಭವಿ, ನೀ ಹೋಗ್ಲಿಲ್ಲ. ಅಂಗಡ್ಯಾಗ ನಿನ್ನ ದನಿ ಕೇಳಿದ್ನೆಲ್ಲಾ... 'ರಿ' ಹಚ್ಚದಿದ್ರ ಅಲ್ಲೇ ಅತ್ತಬಿಡ್ತಿದ್ದೆ."

ಬಾಣಾಪುರ ಸ್ಟೇಷನ್ ದಾಟಿತು. ಯಾರೋ ಚಹಾ ಮಾರುತ್ತ ಹೋದರು.

"ಈಗ ಕರೀತೀನಿ," ಎಂದ. "ಬರ್ತಿಯೇನು?"

"ಎಲ್ಲಿಗೆ?"

"ನಮ್ಮ ಮನಿಗೆ. ಯಾವತ್ತಿಗೂ."

ಭವಾನಿ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. "ನಾ ಒಬ್ಬಾಕಿ ಬರೂದಿಲ್ಲ ನೋಡು. ನನ್ನ ಮಷಿನ್ನು, ಬಟ್ಟಿ ಗಂಟು, ಅಳತಿ ಕೊಡಾಕ ಬರೂ ಹೆಂಗಸ್ರು, ಎಲ್ಲಾ ನನ್ನ ಕೂಡ ಬರ್ತಾವ."

"ಜಾಗಾ ಮಾಡ್ತೀನಿ."

"ಸಣ್ಣ ಮನಿ ಐತಿ..."

"ಪಡಸಾಲಿ ಖಾಲಿ ಮಾಡ್ರಿ," ಎಂದಳು ಗಂಗಕ್ಕ, ಕಣ್ಣು ತೆರೆಯದೆಯೇ. "ಅಲ್ಲಿ ಬೆಳಕು ಛಲೋ ಬರ್ತೈತಿ. ನಾ ಒಳಗ ಮಲಗ್ತೀನಿ. ಈಗೂ ಮಲಗೀನಿ, ನೀವು ಮಾತಾಡ್ರಿ."

ಇಬ್ಬರೂ ಬೆಚ್ಚಿಬಿದ್ದು, ಆಮೇಲೆ ಬಾಯಿ ಮುಚ್ಚಿಕೊಂಡು ನಕ್ಕರು. ನಗುವಿನ ನಡುವೆಯೇ ಅವನ ಕೈ ಅವಳ ಕೈಯ ಪಕ್ಕ ಬಂದು ನಿಂತಿತು. ಭವಾನಿ ತನ್ನ ಬೆರಳುಗಳನ್ನು ಅದರೊಳಗೆ ಸೇರಿಸಿದಳು.

"ಇನ್ನೂ ಹೂಂ ಅಂದಿಲ್ಲ ನೀ," ಎಂದ ಗವಿ ಪಿಸುಮಾತಿನಲ್ಲಿ.

"ಅಪ್ಪನ ಮುಂದ ಕೇಳು. ಅಲ್ಲಿ ಹೇಳ್ತೀನಿ."

"ಅಲ್ಲಿತನಕ?"

"ಅಲ್ಲಿತನಕ ಕೈ ಬಿಡಬ್ಯಾಡ."